ಐದು ಗಂಟೆಯವರೆಗಿನ ಹೆಣಿಗೆ

"ಅದರಲ್ಲಿ ಕೂರಬೇಡಿ" ಎಂದು ನಕ್ಷೆಗಾರ ಹೇಳುವಷ್ಟರಲ್ಲಿ ಹೆಂಗಸು ಕೂತಾಗಿತ್ತು. ಬೆತ್ತದ ಹೆಣಿಗೆ ಕಿತ್ತುಹೋದ ಆ ಕುರ್ಚಿ ಯೋಜನಾ ಕಚೇರಿಗೆ ಬಂದವರನ್ನೆಲ್ಲ ಒಮ್ಮೆಯಾದರೂ ಕೆಡವಿತ್ತು. ಈಕೆಯನ್ನೂ ಮೊಣಕಾಲು ಎದೆಗೆ ತಾಗುವಷ್ಟು ಒಳಗೆಳೆದುಕೊಂಡಿತು. ಕೈಯಲ್ಲಿದ್ದ ಕಾಗದವನ್ನು ಮಾತ್ರ ಆಕೆ ಮುದುಡದಂತೆ ಎತ್ತಿ ಹಿಡಿದಿದ್ದಳು.

"ಆಕ್ಷೇಪಣೆ ಕೊಡೋಕೆ ಇವತ್ತೇ ಕೊನೇ ದಿನ ಅಲ್ವೇನಪ್ಪಾ?" ಎಂದು ಅಲ್ಲಿಂದಲೇ ಕೇಳಿದಳು.

"ಹೌದಕ್ಕಾ. ಐದು ಗಂಟೆವರೆಗೂ."

ಗಂಟೆ ಆಗಿನ್ನೂ ಮೂರು. ಕಾಗದ ಓದಿದ ನಕ್ಷೆಗಾರನ ಮುಖ ಸಪ್ಪಗಾಯಿತು. ದಿಣ್ಣೆ, ಅದರ ಬುಡದ ಕೆರೆ, ನಡುವಿನ ಹೊಲಗಳು ಹೀಗೇ ಉಳಿಯಬೇಕು, ಅಲ್ಲಿ ಕಟ್ಟಡ ಏಳಬಾರದು ಎಂದು ಕರಡು ಯೋಜನೆಯಲ್ಲಿ ಹಸಿರು ಬಳಿದವನು ಅವನೇ. ಎರಡು ವರ್ಷ ಚಪ್ಪಲಿ ಸವೆಸಿ ಆ ದಿಣ್ಣೆ ಸುತ್ತಿದ್ದ. ಈಕೆಯ ಹೊಲ ಹಸಿರಿನ ನಟ್ಟನಡುವೆ ಇತ್ತು; ಅದನ್ನು ಹಸಿರಿನಿಂದ ಕೈಬಿಡಿ ಎನ್ನುತ್ತಿತ್ತು ಕಾಗದ. ಒಡತಿಯೇ ಬೇಡವೆಂದರೆ ಸಮಿತಿ ಅದನ್ನು ಬಿಟ್ಟುಕೊಡುವುದು ಖಂಡಿತ. ಆಮೇಲೆ ಅಲ್ಲಿ ಬಡಾವಣೆ ಎದ್ದರೆ, ಕೆರೆಯ ಕಡೆಯಿಂದ ದಿಣ್ಣೆಯೇ ಕಾಣುವುದಿಲ್ಲ.

"ಸಹಿ ಇಲ್ಲ" ಎಂದ. "ನನ್ನೆದುರಿಗೇ ಹಾಕಬೇಕು." ಪೆನ್ನು ಮುಂದೆ ಸರಿಸಿದ.

ಆಕೆ ಪೆನ್ನು ಮುಟ್ಟಲಿಲ್ಲ. "ಬರೆದಿದ್ದು ನಮ್ಮಣ್ಣ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಅಲ್ವಾ? ಇದನ್ನ ಕೊಡದಿದ್ರೆ ಏನಾಗುತ್ತೆ?"

"ಕೊಡಿ, ಬಿಡಿ ಅಂತ ನಾನು ಹೇಳೋ ಹಾಗಿಲ್ಲ. ಆಕ್ಷೇಪಣೆ ಬರದಿದ್ರೆ ಹಸಿರು ಹಾಗೇ ಉಳಿಯುತ್ತೆ. ಇದನ್ನ ಬಂದವರಿಗೆಲ್ಲ ಹೇಳ್ತೀನಿ."

"ಕೆರೇಲಿ ಚಾಪೆಗೆ ಜೊಂಡು ಕೊಯ್ಯೋದಕ್ಕೆ ಅಡ್ಡಿ ಮಾಡ್ತೀರಾ?"

"ಇಲ್ಲಕ್ಕಾ. ಬೇಸಾಯ ಮಾಡಿ, ಜೊಂಡು ಕೊಯ್ಯಿರಿ. ಕಟ್ಟಡ ಕಟ್ಟೋ ಹಾಗಿಲ್ಲ, ಅಷ್ಟೇ."

ಆಕೆ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ಕಷ್ಟಪಟ್ಟು ಎದ್ದು, ತನ್ನನ್ನು ನುಂಗಿದ್ದ ಕುರ್ಚಿಯನ್ನು ನೋಡಿದಳು.

"ಕಡತ ಕಟ್ಟೋ ಲಾಡಿ ಒಂದು ಉಂಡೆ ಇದ್ರೆ ಕೊಡಪ್ಪಾ. ಮನುಷ್ಯರು ಕೂರೋ ಕುರ್ಚಿಯಾ ಇದು!"

ಆಕೆ ಚಾಪೆ ಹೆಣೆಯುವವಳು. ನೆಲದಲ್ಲಿ ಕೂತು, ಹಳೆಯ ಬೆತ್ತದ ಎಳೆಗಳನ್ನು ಕಿತ್ತೆಸೆದು, ಬಿಳಿ ಲಾಡಿಯನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಎಳೆಯತೊಡಗಿದಳು. ಕೈ ಓಡಿದಂತೆ ಮಾತೂ ಓಡಿತು.

"ಅಪ್ಪ ಅಮ್ಮ ಹೋದಾಗ ನನಗೆ ಆರು ವರ್ಷ. ಅಣ್ಣ ಓದು ಬಿಟ್ಟು ಚಾಪೆ ಹೆಣೆದು ನನ್ನ ಸಾಕಿದ. ಈ ಕೈಕೆಲಸ ಅವನೇ ಕಲಿಸಿದ್ದು. ಈಗಲೂ ನನ್ನ ಒಳ್ಳೇದಕ್ಕೇ ಹೇಳ್ತಾನೆ. ವಯಸ್ಸಾಯ್ತು, ನೀರಿಗಿಳೀಬೇಡ, ಹೊಲ ಬಡಾವಣೆಗೆ ಕೊಟ್ಟು ಸುಖವಾಗಿರು ಅಂತ. ಬೆಳಿಗ್ಗೆ ಬಾಗಿಲು ತೆಗೆದ್ರೆ ಆ ದಿಣ್ಣೆ ಕಾಣದಿದ್ರೆ ನನಗೆ ಎಂಥ ಸುಖಾನಪ್ಪಾ? ಆದ್ರೆ ಅವನ ಮುಂದೆ ಬೇಡ ಅನ್ನೋಕೆ ನಾಲಿಗೆ ಹೊರಳಲ್ಲ. ಹೊರಳಬಾರದು ಕೂಡ."

ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. "ಹ್ಞೂಂ ಅಣ್ಣಾ, ಆಫೀಸಲ್ಲೇ ಇದ್ದೀನಿ. ಕೆಲಸ ನಡೀತಾ ಇದೆ." ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಕ್ಷೆಗಾರ ತುಟಿ ಕಚ್ಚಿ ಕಿಟಕಿಯ ಕಡೆ ತಿರುಗಿದ.

ಆದರೂ ಅವನ ಕರ್ತವ್ಯ ಅವನನ್ನು ಬಿಡಲಿಲ್ಲ. ಐದಕ್ಕೆ ಹತ್ತು ನಿಮಿಷವಿದ್ದಾಗ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಇನ್ನು ಹತ್ತೇ ನಿಮಿಷ."

"ಒಂದು ಮೂಲೆ ಬಾಕಿ ಇದೆ."

ಐದು ಹೊಡೆಯಿತು. ಅವನು ಪುಸ್ತಕದಲ್ಲಿ ಕೊನೆಯ ಗೆರೆ ಎಳೆದು ಮೊಹರು ಒತ್ತಿದ.

"ಅಯ್ಯೋ, ಮುಗೀತಾ!" ಎಂದಳು. ಕಳವಳದ ಮಾತನ್ನು ಅಷ್ಟು ಖುಷಿಯಾಗಿ ಯಾರೂ ಆಡಿರಲಾರರು. ಕೊನೆಯ ಮೂಲೆ ಮುಗಿಸಿ, ಸೆರಗಲ್ಲಿ ಕೈ ಒರೆಸಿಕೊಂಡು, ಸಹಿಯಿಲ್ಲದ ಕಾಗದವನ್ನು ಜೋಪಾನವಾಗಿ ಮಡಚಿದಳು. "ಅವನಿಗೇ ವಾಪಸ್ ಕೊಡ್ತೀನಿ. ನನ್ನ ಬಾಯಲ್ಲಿ ಬರದ ಮಾತು ನಿನ್ನ ಹಸಿರು ಬಣ್ಣ ಹೇಳ್ತಪ್ಪಾ. ನಿನ್ನ ಹೊಟ್ಟೆ ತಣ್ಣಗಿರಲಿ."

ಆಕ್ಷೇಪಣೆಗೆ ಕೊಟ್ಟಿದ್ದ ಮೂವತ್ತು ದಿನವೂ ಬಂದವರೆಲ್ಲ ಬೈದೇ ಹೋಗಿದ್ದರು. ಆಕೆ ಮೆಟ್ಟಿಲಿಳಿದು ಹೋದ ಮೇಲೂ ನಕ್ಷೆಗಾರ ಒದ್ದೆ ಕಣ್ಣಲ್ಲಿ ನಿಂತೇ ಇದ್ದ. ಆಕೆಗೆ ತಾನೇ ಕೈಮುಗಿಯಬೇಕಿತ್ತು ಎನ್ನಿಸಿತು.

ಮರುದಿನ ಬಾಗಿಲು ತೆರೆಯುತ್ತಲೇ ಎತ್ತರದ ಮುದುಕನೊಬ್ಬ ಕೊಡೆ ಕುಟ್ಟುತ್ತ ಒಳಗೆ ಬಂದ. "ನನ್ನ ತಂಗಿ ಎರಡು ಗಂಟೆ ಕಾದಿದ್ದಾಳೆ. ಅವಳ ಕಾಗದ ಯಾಕ್ರೀ ತಗೊಳ್ಳಲಿಲ್ಲ?"

"ಕೂತ್ಕೊಳ್ಳಿ, ಹೇಳ್ತೀನಿ."

ಮುದುಕ ಕುರ್ಚಿಯ ಬೆನ್ನು ಹಿಡಿದವನು ಹಾಗೇ ನಿಂತ. ಬಗ್ಗಿ, ಬಿಳಿ ಲಾಡಿಯ ಒಂದೆಳೆಯ ಮೇಲೆ ಬೆರಳಾಡಿಸಿಕೊಂಡು ಮೂಲೆಯವರೆಗೆ ಹೋದ. ಅಲ್ಲಿ ತುದಿಯನ್ನು ಎರಡೆಳೆಯ ಕೆಳಗೆ ತೂರಿಸಿ, ಗಂಟು ಕಾಣದಂತೆ ಒಳಗೆ ಮಡಚಲಾಗಿತ್ತು. ಬೆರಳು ಅಲ್ಲೇ ನಿಂತಿತು.

"ಎರಡು ಗಂಟೆಯೂ ಇದನ್ನೇ ಮಾಡ್ತಿದ್ಲಾ?"

"ಹೌದು."

"ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ ಪೆದ್ದಿ" ಎಂದ. ಈ ಸಲ ದನಿ ಏರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, "ಬಂದದ್ದಾಯ್ತು. ಆ ಹಸಿರು ಎಲ್ಲಿಂದ ಎಲ್ಲಿವರೆಗೆ, ತೋರಿಸಿ" ಎಂದ.

ನಕ್ಷೆಗಾರ ಮೇಜಿನ ಮೇಲೆ ನಕ್ಷೆ ಬಿಡಿಸಿದ. ಮುದುಕ ಕೊಡೆಯನ್ನು ಗೋಡೆಗೆ ಒರಗಿಸಿ, ಕನ್ನಡಕ ಹಾಕಿಕೊಂಡು, ಕುರ್ಚಿಯ ಮೇಲೆ ನಿಧಾನಕ್ಕೆ ಮೈಭಾರವನ್ನೆಲ್ಲ ಬಿಟ್ಟ. ಹೆಣಿಗೆ ಒಂದಿಷ್ಟೂ ಜಗ್ಗಲಿಲ್ಲ.