ಡಬ್ಬಿಯೊಳಗಿನ ಭಂಡಾರ

ಮೊಟ್ಟೆಯ ಹಸಿ ಹಳದಿಗೆ ಎಣ್ಣೆ, ನಿಂಬೆರಸ ಹಾಕಿ ಸಾಸಕ್ಕ ಕಡೆಯುತ್ತಿದ್ದ ಸಾಸಿಗೆ ಕಾರ್ಖಾನೆ ಗೇಟಿನ ಮುಂದೆ ಜನ ಸಾಲುಗಟ್ಟುತ್ತಿದ್ದರು. ಅವಳ ಗಾಡಿಯಲ್ಲಿ ಬ್ರೆಡ್ಡು ಬರೀ ನೆಪ. ಹೆಸರೇ ಸಾಸಕ್ಕ ಅಂತ ಬಿದ್ದ ಮೇಲೆ ಒಂದಿಷ್ಟು ಜಂಬ ಇರಬೇಕಾದ್ದೇ.

ಈಗ ಬಸುರಿ ಮಗಳು ಮನೆಗೆ ಬಂದಿದ್ದಳು. ಬಂದಾಗಿನಿಂದ ಒಂದೇ ಜಪ: "ಅಮ್ಮಾ, ಸಾಸು!"

"ಹಸಿ ಹಳದಿದು ಕೊಡಬೇಡ ಕಣೇ," ಎಂದಳು ಪಕ್ಕದ ಮನೆಯ ನರ್ಸಕ್ಕ. "ಅದರಲ್ಲಿ ರೋಗಾಣು ಇರಬಹುದು. ಬಸುರೀಲಿ ವಾಂತಿ ಭೇದಿ ಹಿಡಿದ್ರೆ ತಾಯಿಗೂ ಮಗುವಿಗೂ ಕಷ್ಟ."

"ನಾನು ಬಸುರೀಲಿ ತಿನ್ನಲಿಲ್ವಾ? ಇವಳು ಗುಂಡುಕಲ್ಲಿನ ಹಾಗೆ ಹುಟ್ಟಲಿಲ್ವಾ?"

"ಅದೃಷ್ಟ ಪ್ರತಿ ಸಲ ಕೈ ಹಿಡಿಯಲ್ಲ. ಮಾಡೋದಾದ್ರೆ ಇದರಲ್ಲಿ ಮಾಡು." ನರ್ಸಕ್ಕ ತಾನು ತಂದ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟಳು.

ಸಾಸಕ್ಕ ಬಗ್ಗಿ ಓದಿದಳು: ಶಾಖ ಸಂಸ್ಕರಿತ ಮೊಟ್ಟೆ ಭಂಡಾರ. "ಬಟ್ಟೆ ಭಂಡಾರ, ಪಾತ್ರೆ ಭಂಡಾರ ನೋಡಿದ್ದೆ. ಇದ್ಯಾವ ಹೊಸ ಅಂಗಡಿ?"

ನರ್ಸಕ್ಕ ನಕ್ಕೂ ನಕ್ಕೂ ಸುಸ್ತಾದಳು. "ಅಂಗಡಿ ಅಲ್ಲ ಕಣೇ ತಾಯಿ! ಮೊಟ್ಟೆಯ ಹಳದಿಗೇ ಭಂಡಾರ ಅಂತಾರೆ. ಮರಿ ಬೆಳೆಯೋಕೆ ಬೇಕಾದ್ದನ್ನೆಲ್ಲ ಕೂಡಿಟ್ಟ ಖಜಾನೆ ಅದು. ಗಟ್ಟಿಯಾಗದ ಹಾಗೆ ಹದವಾಗಿ ಬಿಸಿ ಮಾಡಿ, ರೋಗಾಣು ಸಾಯಿಸಿ ತುಂಬಿರ್ತಾರೆ."

"ಡಬ್ಬಿ ಸೇರಿದ್ದರಲ್ಲಿ ಏನು ರುಚಿ ಇರುತ್ತೆ? ನಾಲಿಗೆ ತುದಿಗೆ ತಾಗಿದ್ರೆ ಸಾಕು, ನಾನು ಹೇಳಿಬಿಡ್ತೀನಿ!"

ಜಂಬದ ಕೋಳಿ! ಆದರೂ ನರ್ಸಕ್ಕನ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಸಾಸಿನ ಪಾತ್ರೆಯನ್ನು ಮಗಳ ಕೈಗೆ ಸಿಗದಂತೆ ಇಡತೊಡಗಿದಳು.

ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಮಗಳು ಪಾತ್ರೆಯ ತಳವನ್ನು ಬೆರಳಲ್ಲಿ ಬಳಿಯುತ್ತಿದ್ದಳು.

"ಅಯ್ಯೋ! ಎಷ್ಟು ತಿಂದೆ?"

"ಇದ್ದಷ್ಟೂ."

ಸಾಸಕ್ಕ ಗೋಡೆಯಾಚೆಗೆ ಕೂಗಿದ ಕೂಗಿಗೆ ನರ್ಸಕ್ಕ ಎದ್ದುಬಿದ್ದು ಓಡಿಬಂದಳು. "ನನ್ನದೇ ಹಸಿ ಸಾಸು! ಮಗುವಿಗೆ ಏನಾದ್ರೂ ಆದ್ರೆ?" ಎಂದು ಸಾಸಕ್ಕ ಅಳತೊಡಗಿದಳು.

ಸಾಸಕ್ಕನ ಗಂಡ ಬಾಗಿಲಲ್ಲಿ ತಲೆ ಕೆರೆಯುತ್ತಾ ನಿಂತ. "ಹಸಿದಲ್ಲ ಅದು. ಬೆಳಿಗ್ಗೆ ನೀನು ಗಾಡಿ ತೊಳೆಯೋವಾಗ ನಾನು ತಾನೇ ಕಡೆದದ್ದು? ಮೊಟ್ಟೆ ಬುಟ್ಟಿ ಕೈ ಜಾರಿ ಬಿತ್ತು, ಒಂದೂ ಉಳೀಲಿಲ್ಲ. ಬೈತೀಯ ಅಂತ ಆ ಡಬ್ಬಿದೇ ಸುರಿದುಬಿಟ್ಟೆ."

"ಹಾಗಾದ್ರೆ ನಾನು ಇವತ್ತು ಮಾರಿದ್ದು?"

"ಭಂಡಾರ."

"ಪಾತ್ರೆ ಗಾಡಿಯ ಐಸ್ ಪೆಟ್ಟಿಗೆಯಲ್ಲೇ ಇತ್ತಾ?" ನರ್ಸಕ್ಕ ಕೇಳಿದಳು.

"ಈಗ ತಾನೇ ತೆಗೆದೆ," ಎಂದಳು ಮಗಳು. " ಇನ್ನೂ ತಣ್ಣಗಿದೆ ನೋಡು."

"ಹಾಗಾದ್ರೆ ಭಯ ಬೇಡ. ಹೊಟ್ಟೆ ಕೆಟ್ಟ ಹಾಗನ್ನಿಸಿದ್ರೆ, ಜ್ವರ ಬಂದ್ರೆ ತಕ್ಷಣ ಹೇಳಿ, ಅಷ್ಟೆ."

ಹೋದ ಜೀವ ಬಂದಂತಾಗಿ ಸಾಸಕ್ಕ ನೆಲದ ಮೇಲೇ ಕೂತುಬಿಟ್ಟಳು. ಅಳುವಿನ ನಡುವೆಯೇ ನಗು ಬಂತು.

"ಬಿಸಿ ಮಾಡಿದ್ರೆ ಸತ್ವ ಹೋಗಲ್ವಾ?" ಮಗಳು ಕೇಳಿದಳು.

"ಬಹುಪಾಲು ಉಳಿಯುತ್ತೆ," ಎಂದಳು ನರ್ಸಕ್ಕ. " ಎ, ಡಿ ಜೀವಸತ್ವ ಇದೆ, ಮಗುವಿನ ಮಿದುಳಿಗೆ ಬೇಕಾದ ಕೋಲೀನ್ ಇದೆ. ಕೊಬ್ಬೂ ಇದೆ, ಅದಕ್ಕೇ ಮಿತವಾಗಿ ತಿನ್ನಬೇಕು. ಪುಡಿಯೂ ಸಿಗುತ್ತೆ. ಅದನ್ನು ನೀರಲ್ಲಿ ಕಲಸಿ ಕೇಕು, ಬಿಸ್ಕತ್ತಿಗೆ ಹಾಕಬಹುದು."

ಗಂಡನಿಗೆ ಈಗ ಧೈರ್ಯ ಬಂತು. "ನಾಲಿಗೆ ತುದಿಗೆ ತಾಗಿದ್ರೆ ಸಾಕು ಅಂದಿದ್ದೆ. ಬೆಳಿಗ್ಗೆ ರುಚಿ ನೋಡಿ ತಲೆದೂಗಿದ್ದು ಯಾರು?"

"ನನ್ನ ನಾಲಿಗೆ ಸೋತ್ರೆ ಸೋಲಲಿ ಬಿಡಿ," ಎಂದು ಸಾಸಕ್ಕ ಕಣ್ಣೊರೆಸಿಕೊಂಡಳು. "ಮಗು ಗೆಲ್ತಲ್ಲ."

ಮರುದಿನದಿಂದ ಗಾಡಿಯ ಸಾಸಿಗೂ ಸಂಸ್ಕರಿಸಿದ ಹಳದಿಯೇ. ಸಾಲು ಒಂದು ಮೊಳವೂ ಕಡಿಮೆಯಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿನ್ನಿ. ಬೇಯಿಸದ ಸಾಸು, ಕ್ರೀಮಿಗೆ ಶಾಖ ಸಂಸ್ಕರಿತ ಹಳದಿಯನ್ನೇ ಬಳಸಿ. ಡಬ್ಬಿಯ ಮೇಲಿನ ತಾರೀಖು ನೋಡಿ, ತಣ್ಣಗಿಡಿ, ತೆರೆದ ಮೇಲೆ ಬೇಗ ಮುಗಿಸಿ. ಮೊಟ್ಟೆ ಒಗ್ಗದವರಿಗೆ ಇದೂ ಒಗ್ಗದು. ಕಾಯಿಲೆ ಇದ್ದವರು ವೈದ್ಯರನ್ನು ಕೇಳಿ. ನಿಮ್ಮ ಮನೆಯಲ್ಲೂ ಒಬ್ಬ ಬಸುರಿ ಪಾತ್ರೆಯ ತಳ ಬಳಿಯುತ್ತಿರಬಹುದು. ಅದರಲ್ಲೇನಿದೆ ಎಂದು ಇವತ್ತೇ ನೋಡಿ.