ಗಲ್ಲಾಪೆಟ್ಟಿಗೆಗೆ ಬೀಸಿದ ಗಾಳಿ

ನಾನು ಒಂದು ಫ್ಯಾನು. ನೆಲದ ಮೇಲೆ ನಿಂತು ಬೀಸುವ ಜಾತಿ. ಕಾರ್ಖಾನೆಯಲ್ಲಿ ರೆಕ್ಕೆ ಜೋಡಿಸಿ ಮೊದಲ ಸಲ ತಿರುಗಿಸಿದಾಗ, ಬೆಂದವರಿಗೆ ಗಾಳಿ ಕೊಡಲೆಂದೇ ಹುಟ್ಟಿದ್ದೇನೆ ಎಂದು ಬೀಗಿದ್ದೆ. ಎಂಥ ಹೆಡ್ಡತನ!

ನನ್ನನ್ನು ಕೊಂಡವರು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಮುರಿಗೆಪ್ಪ ಸಾಹುಕಾರರು. ತಪಾಸಣೆಗೆ ಬಂದಿದ್ದ ಅಧಿಕಾರಿ, "ಬೆಂಕಿ ಮುಂದೆ ದುಡಿಯೋರಿಗೆ ಗಾಳಿ, ನೀರು, ಆಗಾಗ ವಿಶ್ರಾಂತಿ ಕೊಡೋದು ನಿಮ್ಮ ಹೊಣೆ" ಎಂದು ಹೇಳಿ ಹೋಗಿದ್ದರಂತೆ. ಭಟ್ಟಿಯೆಂದರೆ ಮೇಲೆ ಕಾದ ತಗಡು, ಕೆಳಗೆ ಹೊಟ್ಟು ಉರಿಯುವ ಒಲೆ, ಒಲೆಯ ಮೇಲೆ ಸುಡುವ ಮರಳು. ಆ ಮರಳಿನಲ್ಲಿ ಅಕ್ಕಿ ಹುರಿದು ಅರಳಿಸುವವನು ತಿಪ್ಪೇಶ. ನನ್ನನ್ನು ಅವನ ಬೆನ್ನ ಹಿಂದೆ ನಿಲ್ಲಿಸಿ ತಿರುಗಿಸಿದರು. ಅವನು ಅಂಗಿ ಸಡಿಲಿಸಿಕೊಳ್ಳುವಷ್ಟರಲ್ಲಿ ಮಂಡಕ್ಕಿಯೆಲ್ಲ ಎದ್ದು ಹಾರಿತು.

"ಏಯ್, ಬಂದ್ ಮಾಡ್ರೋ ಅದನ್ನ! ಮಾಲೆಲ್ಲ ಗಾಳಿಗೆ ಹೋತು!" ಎಂದು ಸಾಹುಕಾರರು ಅರಚಿದರು.

ಅಂದಿನಿಂದ ನಾನು ಅವರ ಗಲ್ಲಾಪೆಟ್ಟಿಗೆಯ ಪಕ್ಕ ನಿಂತೆ. ನಡುವೆ ಒಂದು ತಡಿಕೆ ಕಟ್ಟಿಸಿದ್ದರೆ ಮಂಡಕ್ಕಿಯೂ ಉಳಿಯುತ್ತಿತ್ತು, ಮನುಷ್ಯನೂ ಉಳಿಯುತ್ತಿದ್ದ. ಕಟ್ಟಿಸಬೇಕಾದವರಿಗೆ ನನ್ನ ಗಾಳಿ ಸಿಕ್ಕಿತ್ತಲ್ಲ, ಬೇರೆಯವರ ಬೇಗೆ ಯಾಕೆ ನೆನಪಾಗಬೇಕು?

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ಮಧ್ಯಾಹ್ನ ತಿಪ್ಪೇಶ ತೂರಾಡುತ್ತ ಬಂದ.

"ಸಾವ್ಕಾರ್ರೆ, ತಲೆ ಸುತ್ತಾಕತ್ತೈತಿ. ಒಂಚೂರು ಹೊರಗೆ ಕುಂತು ಬರ್ತೀನಿ."

"ಮರಳು ಕಾದೈತಿ. ಈ ಒಬ್ಬೆ ಅಕ್ಕಿ ಹುರ್ದು ಮುಗ್ಸಿ ಹೋಗು."

ಒಬ್ಬೆ ಮುಗಿಯಲಿಲ್ಲ. ಅವನು ಒಲೆಯ ಮುಂದೆಯೇ ಬಿದ್ದ. ಕೈಕಾಲು ಸೆಟೆದು ಅದುರಿದವು. ಮೂರ್ಛೆ ರೋಗವೆಂದು ಯಾರೋ ಕೂಗಿದರು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಬೀಗದ ಕೈಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಅಲ್ಲೇ ಚೀಲ ತುಂಬುತ್ತಿದ್ದ ಹೆಂಡತಿ ಅಂಜಿನಮ್ಮ ಗಂಡನ ಎದೆ ಮುಟ್ಟಿ ಬೆಚ್ಚಿಬಿದ್ದಳು. ಓಡಿಹೋಗಿ ಕೊಡ ಎತ್ತಿ ತಂದಳು.

"ಮೈ ಕೆಂಡ ಆಗೈತ್ರೋ! ಅತ್ಲಾಗೆ ಸರೀರಿ, ನೀರು ಹೊಯ್ತೀನಿ!"

"ನೀರು ಬ್ಯಾಡ! ಮಾಲು ಮೆತ್ತಗಾಗ್ತೈತಿ. ಮೊದ್ಲು ಹೊರಗೆ ಎತ್ರಿ ಅವನ್ನ," ಎಂದು ಸಾಹುಕಾರರು ಕೊಡಕ್ಕೆ ಅಡ್ಡ ನಿಂತರು.

ಗಾಳಿ ಬಂದರೆ ಹಾರುತ್ತದೆ, ನೀರು ಬಿದ್ದರೆ ಮೆತ್ತಗಾಗುತ್ತದೆ. ಮಂಡಕ್ಕಿಯ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಚೀಲಗಳ ಸಂದಿಯಲ್ಲಿ ಹೊತ್ತು ಬಾಗಿಲು ದಾಟಿಸುವಷ್ಟರಲ್ಲಿ ತಿಪ್ಪೇಶನ ಜೀವ ಹೋಯಿತು. ನಾನು ಆಗಲೂ ಗಲ್ಲಾಪೆಟ್ಟಿಗೆಗೇ ಬೀಸುತ್ತಿದ್ದೆ. ನಾಚಿಕೆಯಿಂದ ಸುಟ್ಟುಹೋಗಬಾರದಿತ್ತೇ ಅನ್ನಿಸಿತು.

"ಅವನಿಗೆ ಮೊದಲಿಂದ್ಲೂ ಮೂರ್ಛೆ ರೋಗ ಇತ್ತು" ಎಂದು ಸಾಹುಕಾರರು ಕೇಳಿದವರಿಗೆಲ್ಲ ಹೇಳಿದರು. "ಒಂದಿನಾನೂ ಬಂದಿರ್ಲಿಲ್ಲ" ಎಂದ ಅಂಜಿನಮ್ಮನ ಮಾತು ಯಾರ ಕಿವಿಗೂ ಬೀಳಲಿಲ್ಲ. ಬಡವರ ಸಿಟ್ಟು ದವಡೆಗೆ ಮೂಲ. ಅವಳಿಗೆ ಗಂಡನ ಕೆಲಸ ಕೊಟ್ಟರು, ಜೊತೆಗೆ ನನ್ನನ್ನೂ ಕೊಟ್ಟರು. ಎಂಥ ದೊಡ್ಡ ಮನಸ್ಸು ಎಂದಿತು ಊರು.

ಈಗ ನನಗೆ ವಯಸ್ಸಾಗಿದೆ. ಅವಳ ಒಂಟಿ ಕೋಣೆಯ ಮೂಲೆಯಲ್ಲಿ ಗೊರಗೊರ ಎನ್ನುತ್ತ ತಿರುಗುತ್ತೇನೆ. ಸಂಜೆ ಬಂದು ನನ್ನೆದುರು ಕುಸಿದು ಕೂರುವವಳಿಗೆ ಇದ್ದಬದ್ದ ಗಾಳಿಯನ್ನೆಲ್ಲ ಬೀಸುತ್ತೇನೆ. ಮೊನ್ನೆ ನೆರೆಯವಳು, "ಆ ಒಲೆ ಬಿಡಬಾರ್ದಾ ಅಕ್ಕಾ?" ಎಂದಳು. "ಬಿಟ್ಟು ಏನು ತಿನ್ಲವ್ವಾ?" ಎಂದಳು ಅಂಜಿನಮ್ಮ.

ಬೆಳಗಾದರೆ ಅವಳು ನನ್ನ ಸ್ವಿಚ್ಚು ಆರಿಸಿ, ಗಂಡ ಬಿದ್ದ ಜಾಗದಲ್ಲಿ ನಿಲ್ಲಲು ಹೋಗುತ್ತಾಳೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನನಗೆ ದಿನವಿಡೀ ಒಂದೇ ಯೋಚನೆ: ಇವತ್ತು ಬರುತ್ತಾಳೋ, ಇಲ್ಲವೋ.