ಮನೆ ಕಡೆಯ ಮಗ್ಗುಲು

ಬೆಲ್ಕಿಸಾಳ ಅಂಗಳದಲ್ಲಿ ಗಾಳಿಗೆ ಉರುಳಿದ ಅಕ್ರೋಟು ಮರದ ಸುತ್ತ ಸಾಮಿಲ್ಲಿನ ಹಮ್ದಿಯಾ ಒಂದು ಸುತ್ತು ಬಂದ. ಮುರಿದ ತುದಿಯಲ್ಲಿ ಶಾಯಿ ಚೆಲ್ಲಿದಂಥ ಕಪ್ಪು ನೀಲಿ ಕಲೆ ಕಂಡದ್ದೇ ತಡ, ಮುಖ ಗಂಟಿಕ್ಕಿದ. ಬೋಸ್ನಿಯಾದ ಈ ಗುಡ್ಡಗಳಲ್ಲಿ ಕಬ್ಬಿಣ ಹೊಕ್ಕಲ್ಲಿ ಮೂಡುವ ಅಂಥ ಕಲೆಯ ಮರಕ್ಕೆ ಯಾರೂ ಗರಗಸ ಇಡುವುದಿಲ್ಲ. ಯುದ್ಧ ಮುಗಿದು ಒಂದು ತಲೆಮಾರೇ ಕಳೆದಿರಬಹುದು, ಮರದ ಹೊಟ್ಟೆ ಸೇರಿದ ಶೆಲ್ಲಿನ ಚೂರು ಎಲ್ಲಿಗೆ ಹೋದೀತು? ಅಂಥದ್ದೇ ಒಂದು ಚೂರಿಗೆ ಸಿಕ್ಕಿ ತುಂಡಾದ ಗರಗಸ ಹಮ್ದಿಯಾನ ಎರಡು ಬೆರಳು ತಿಂದುಹಾಕಿತ್ತು.

“ಆಗಲ್ಲ ಬೆಲ್ಕಿಸಾ. ಒಳಗೆ ಕಬ್ಬಿಣ ಇದೆ. ಪೈನ್ ಹಲಗೆ ಕೊಡ್ತೀನಿ, ಅದ್ರಲ್ಲೇ ತೊಟ್ಟಿಲು ಮಾಡ್ಸು. ಮಗೂಗೇನು ಗೊತ್ತಾಗತ್ತಾ?”

“ನಂಗೆ ಗೊತ್ತಾಗತ್ತಲ್ಲ!”

ಬಾಗಿಲಲ್ಲಿ ನಿಂತಿದ್ದ ತುಂಬು ಬಸುರಿ ಮಗಳು ರುವೇದಾ ನಕ್ಕಳು. “ನಮ್ಮಮ್ಮನ ಹಟ ನಿಮಗೆ ಗೊತ್ತಿಲ್ವಾ ಮಾಮ? ನನ್ ಹೆರಿಗೆಗಿಂತ ಈ ಮರದ್ದೇ ಚಿಂತೆ ಅವಳಿಗೆ.”

ಬೆಲ್ಕಿಸಾಳಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಮರದ ಹಿಂದಿನ ಕತೆಯನ್ನು ಅವಳು ಮಗಳಿಗೆ ಹೇಳಿರಲಿಲ್ಲ. ತನ್ನ ಭಯ ತನಗೇ ಇರಲಿ, ಅವಳಿಗೆ ಯಾಕೆ ಎಂದು ನುಂಗಿಕೊಂಡಿದ್ದಳು.

“ಅವತ್ತು ಬಟ್ಟೆ ಒಣಗ್ಹಾಕ್ತಿದ್ದೆ. ಶೆಲ್ ಬೀಳೋಕೆ ಶುರುವಾಯ್ತು. ಓಡೋಣ ಅಂದ್ರೆ ಇಷ್ಟು ದೊಡ್ಡ ಹೊಟ್ಟೆ. ಈ ಮರಾನ ತಬ್ಕೊಂಡು ನಿಂತ್ಬಿಟ್ಟೆ.” ಮಗಳ ಕಡೆ ತಿರುಗಿದಳು. “ಹೊಟ್ಟೆಲಿದ್ದೋಳು ನೀನೇ ಕಣೇ.”

ರುವೇದಾಳ ನಗು ನಿಂತುಹೋಯಿತು.

ಹಮ್ದಿಯಾ ಟೋಪಿ ತೆಗೆದು ತಲೆ ಕೆರೆದುಕೊಂಡ. “ಶೆಲ್ ಬಂದಿದ್ದು ಗುಡ್ಡದ ಕಡೆಯಿಂದ. ನೀನೆಲ್ಲಿ ನಿಂತಿದ್ದೆ?”

“ಮನೆ ಕಡೆ.”

ಬಟ್ಟೆಹಗ್ಗ ಕಟ್ಟಿ ಕಟ್ಟಿ ಗಂಟು ಒತ್ತಿದ ಗುರುತು ಮನೆ ಕಡೆಯ ತೊಗಟೆಯಲ್ಲಿತ್ತು. ಉಳಿದ ಮೂರು ಬೆರಳಲ್ಲಿ ಅವನು ಅದನ್ನು ತಡವಿದ.

“ಹಂಗಾದ್ರೆ ಈ ಮಗ್ಗುಲಲ್ಲಿ ಏನೂ ಇಲ್ಲ.”

“ಹೆಂಗ್ ಹೇಳ್ತೀಯಾ ಅಣ್ಣ?”

“ಕಬ್ಬಿಣ ಈ ಕಡೆ ದಾಟಿದ್ರೆ ನನ್ ಜತೆ ಜಗಳ ಆಡೋಕೆ ನೀನೆಲ್ಲಿ ಇರ್ತಿದ್ದೆ, ತಾಯಿ!”

ಗರಗಸದ ಗೊಡವೆಗೆ ಹೋಗದೆ ಅವನು ಮರಕ್ಕೆ ಉದ್ದಕ್ಕೂ ಬೆಣೆ ಹೊಡೆದ. ಮಧ್ಯಾಹ್ನದ ಹೊತ್ತಿಗೆ ಮರ ಎರಡು ಹೋಳಾಯಿತು. ಗುಡ್ಡದ ಕಡೆಯ ಹೋಳಿನ ತುಂಬ ಕಪ್ಪು ಕಲೆ, ನಡುವೆ ತುಕ್ಕು ಹಿಡಿದ ಚೂರುಗಳು. ಮನೆ ಕಡೆಯದು ತಿಳಿಯಾಗಿ, ನಯವಾಗಿ ಒಂದು ಕಲೆಯೂ ಇಲ್ಲದೆ ಬಿದ್ದಿತ್ತು. ಬೆಲ್ಕಿಸಾ ಅದರ ಮೇಲೆ ಅಂಗೈ ಊರಿ ಬಿಕ್ಕಿಬಿಕ್ಕಿ ಅತ್ತಳು.

“ಇನ್ನೊಂದನ್ನ ಏನ್ಮಾಡೋದು? ಒಲೆಗೂ ಬರಲ್ಲ,” ಎಂದ ಹಮ್ದಿಯಾ.

“ಅದು ಅಲ್ಲೇ ಇರ್ಲಿ ಮಾಮ. ಮಗೂನ ಆಡ್ಸೋವಾಗ ಕೂತ್ಕೊಳ್ಳೋಕಾಗತ್ತೆ.”

ರುವೇದಾ ಮೆಲ್ಲಗೆ ಬಂದು ಆ ಕಪ್ಪು ಹೋಳಿನ ಮೇಲೆ, ಗುಡ್ಡದ ಕಡೆಯ ತುದಿಯಲ್ಲಿ ಕೂತಳು. ಕೈ ಹಿಡಿದು ಅಮ್ಮನನ್ನು ಎಳೆದುಕೊಂಡಳು.

“ಬಾ. ನೀನು ಮನೆ ಕಡೆ ಕೂತ್ಕೋ.”